ಏನೂ ಆಗದ ಕಾದಂಬರಿ ಬೇಕಾಗಿದೆ

ಮಂಡ್ಯದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಪಠ್ಯದ ಜೊತೆಗೆ ಒಂದು ಒಳ್ಳೆಯ ಸಾಹಿತ್ಯ ಕೃತಿ ಓದಿಸಬೇಕು ಅಂತ ತೀರ್ಮಾನವಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಕನ್ನಡ ಮೇಷ್ಟ್ರು ಯಾವುದೋ ಪುಸ್ತಕ ತಂದು ಓದಿಸಿಬಿಡುತ್ತಿದ್ದರು. ಹಾಗೆ ಸುಲಭವಾಗಿ ಬಿಟ್ಟರೆ ಹೇಗೆ? ಸಮಿತಿ ಆಯಿತು. ಆಡಳಿತ ಮಂಡಳಿ ಅಧ್ಯಕ್ಷರು, ಹೆಡ್‌ಮಿಸ್, ಪೋಷಕರಿಬ್ಬರು, ಮೇಷ್ಟ್ರು, ಆಮೇಲೆ ‘ಪೇಪರ್‌ಗೆ ಬರೀತಾರೆ’ ಅನ್ನೋ ಕಾರಣಕ್ಕೆ ನಾನು.

ಮೊದಲು ನಿಯಮ ಹೇಳಿದರು. ಪ್ರೀತಿ ಪ್ರೇಮ ಇರಬಾರದು. ಜಾತಿ ವಿಷಯ ಬೇಡವೇ ಬೇಡ. ಯಾರೂ ಸಾಯಬಾರದು, ಸತ್ತರೂ ವಯಸ್ಸಾಗಿ ಸಾಯಬೇಕು. ಮಕ್ಕಳು ದೊಡ್ಡವರಿಗೆ ಎದುರು ಮಾತಾಡಬಾರದು. “ಇನ್ನು ಏನ್ ಬೇಕಾದ್ರೂ ಇರ್ಲಿ, ನಮ್ದೇನೂ ಅಭ್ಯಂತರ ಇಲ್ಲ” ಅಂದರು ಹೆಡ್‌ಮಿಸ್.

ಮೇಷ್ಟ್ರು ‘ಮೈಸೂರು ಮಲ್ಲಿಗೆ’ ತೆಗೆದರು. 1942ರಲ್ಲಿ ಬಂದ ಪುಸ್ತಕ, ಕವಿ ಕೆ.ಎಸ್. ನರಸಿಂಹಸ್ವಾಮಿ ನಮ್ಮ ಕಿಕ್ಕೇರಿಯವರು. ಜಿಲ್ಲೆಯ ಅಭಿಮಾನಕ್ಕಾದರೂ ಪಾಸಾಗುತ್ತೆ ಅಂತ ಅವರ ಲೆಕ್ಕ.

“ಲವ್ ಪದ್ಯಗಳು ಅಲ್ವಾ ಸಾರ್?” ಅಂದರು ಒಬ್ಬ ತಾಯಿ.

“ಗಂಡ ಹೆಂಡ್ತಿ ಪ್ರೀತಿ ಮೇಡಂ. ಮದುವೆ ಆಗಿದೆ.”

“ಮದ್ವೆ ಆದ್ಮೇಲೂ ಅದೆಲ್ಲ ಬೇಕಾ?”

ಈ ಪ್ರಶ್ನೆಗೆ ಮೇಷ್ಟ್ರ ಬಳಿ ಉತ್ತರವಿರಲಿಲ್ಲ. ಪಕ್ಕದಲ್ಲಿದ್ದ ಆಕೆಯ ಯಜಮಾನರು ಫ್ಯಾನ್ ನೋಡುತ್ತಾ ಕೂತರು.

ತ್ರಿವೇಣಿಯವರ ‘ಶರಪಂಜರ’ವೂ ಬಿತ್ತು. ಬಾಣಂತಿಯ ಮಾನಸಿಕ ಕಾಯಿಲೆ, ವಾಸಿಯಾದ ಮೇಲೂ ಅವಳನ್ನು ನಂಬದ ಮನೆಯವರು. ಇದನ್ನು ಓದಿದರೆ ಮಕ್ಕಳು ಡಿಪ್ರೆಷನ್‌ಗೆ ಹೋಗುತ್ತಾರಂತೆ. ಬೆಳಗ್ಗೆ ಆರಕ್ಕೆ ನೀಟ್ ಫೌಂಡೇಶನ್, ಸಂಜೆ ಟ್ಯೂಷನ್, ಭಾನುವಾರ ಟೆಸ್ಟ್. ಇದರಿಂದೆಲ್ಲ ಬಾರದ ಡಿಪ್ರೆಷನ್ನು ಪಾಪ ತ್ರಿವೇಣಿಯಿಂದ ಬರುತ್ತದೆ.

ಆಮೇಲೆ ಬಂತು ದೇವನೂರ ಮಹಾದೇವರ ‘ಕುಸುಮಬಾಲೆ’. ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಬರೆದ ಕಾದಂಬರಿ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಅಧ್ಯಕ್ಷರು ನಾಲ್ಕು ಸಾಲು ಓದಿ ಕನ್ನಡಕ ತೆಗೆದರು. “ಏನ್ ಮೇಷ್ಟ್ರೇ, ಹಿಂಗೆಲ್ಲಾ ಬರ್ದವ್ರೆ? ಇದ್ನ ಓದ್ಸುದ್ರೆ ಮಕ್ಳ ಕನ್ನಡ ಕೆಟ್ಟೋಯ್ತದೆ ಕಣ್ರಿ. ಸುದ್ದವಾಗಿರೋದ್ ಏನಾರ ಇದ್ರೆ ತತ್ತನ್ನಿ.” ಈ ಮಾತನ್ನು ಹೇಳಿದ ಹಾಗೇ ಬರೆದುಕೊಂಡಿದ್ದರೆ ಅವರೂ ಅರ್ಧ ಪುಟದ ಸಾಹಿತಿ ಆಗುತ್ತಿದ್ದರು.

ಅವರನ್ನು ಬೈದು ಏನು ಪ್ರಯೋಜನ ಹೇಳಿ. ಬೆಂಗಳೂರಿನಲ್ಲಿ ಕೂತವರು ಮಾಡಿದ್ದೂ ಇದನ್ನೇ ಅಲ್ವಾ? 2022ರಲ್ಲಿ ಪಠ್ಯ ಪರಿಷ್ಕರಣೆಯ ಗಲಾಟೆ ಎದ್ದಾಗ ಇದೇ ದೇವನೂರರು ನನ್ನ ಪಾಠ ಸೇರಿಸಬೇಡಿ ಅಂತ ಪತ್ರ ಬರೆದರು. 2023ರಲ್ಲಿ ಹೊಸ ಸರ್ಕಾರ ಬಂದು ಮತ್ತೆ ಪಾಠಗಳನ್ನು ಬದಲಾಯಿಸಿತು. ಹದಿನೈದರ ಹುಡುಗ ಏನು ಓದುತ್ತಾನೆ ಅನ್ನೋದಕ್ಕಿಂತ ಯಾರು ಓದಿಸುತ್ತಾರೆ ಅನ್ನೋದೇ ಎಲ್ಲರಿಗೂ ಮುಖ್ಯ. ಆ ಹುಡುಗ ಕೊನೆ ಬೆಂಚಿನಲ್ಲಿ, ನಾವು ಯಾರೂ ಪಾಸು ಮಾಡದ ಏನೇನೋ ರೀಲ್ಸ್ ನೋಡಿಕೊಂಡು ಸುಖವಾಗಿದ್ದಾನೆ.

ಮೇಷ್ಟ್ರು ಸುಸ್ತಾಗಿ, ಅಥವಾ ಬೇಕಂತಲೇ, ಕೊನೆಯ ಪುಸ್ತಕ ಇಟ್ಟರು. ಜನ್ನನ ‘ಯಶೋಧರ ಚರಿತೆ’. 1209ರ ಹಳೆಗನ್ನಡ ಕಾವ್ಯ. ಅಧ್ಯಕ್ಷರು ಪುಟ ತಿರುಗಿಸಿದರು. ಒಂದಕ್ಷರ ಅರ್ಥವಾಗಲಿಲ್ಲ, ಕೈ ಮುಗಿದರು. “ಇದು ನೋಡಿ ಸಂಸ್ಕೃತಿ!” ಒಮ್ಮತದಿಂದ ಪಾಸಾಯಿತು.

ಓದಿದವರಿಗೆ ಗೊತ್ತು. ರಾಣಿ ಅಮೃತಮತಿ ರಾತ್ರಿ ಮಾವುತನೊಬ್ಬನ ಹಾಡು ಕೇಳಿ ಮನಸೋಲುತ್ತಾಳೆ. ಅವನು ಕುರೂಪಿ ಅಂತ ಗೊತ್ತಾದ ಮೇಲೂ ಕದ್ದು ಹೋಗುತ್ತಾಳೆ. ಕೊನೆಗೆ ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ. ಸಮಿತಿಯ ನಿಯಮಗಳನ್ನು ಎದುರಿಗಿಟ್ಟುಕೊಂಡೇ ಜನ್ನ ಬರೆದಂತಿದೆ. ನಾನು ಬಾಯಿ ಬಿಡಲಿಲ್ಲ. ಮೇಷ್ಟ್ರೂ ಬಿಡಲಿಲ್ಲ.

ಹೆಡ್‌ಮಿಸ್ ಮಾತ್ರ ಹೋಗುವಾಗ ಒಂದು ಸೂಚನೆ ಕೊಟ್ಟರು. “ಸಾರ್, ಕಥೆ ಗಿಥೆ ಅಂತ ಟೈಮ್ ವೇಸ್ಟ್ ಮಾಡ್ಬೇಡಿ. ಕಂದ ಪದ್ಯ ಅಲ್ವಾ? ಪ್ರಸ್ತಾರ ಹಾಕ್ಸಿ, ಪರೀಕ್ಷೆಗೆ ಬರುತ್ತೆ.” ಹಾಗಾಗಿ ಈಗ ಅಮೃತಮತಿ ಕತ್ತಲಲ್ಲಿ ಮಾವುತನ ಕಡೆ ಹೊರಟರೆ, ಮಕ್ಕಳು ಅವಳ ನೆತ್ತಿಯ ಮೇಲೆ ಲಘು ಗುರು ಹಾಕಿ, ನಾಲ್ಕು ಮಾತ್ರೆಗೊಂದು ಗೆರೆ ಎಳೆಯುತ್ತಾರೆ. ಗಣ ಸರಿ ಬಂದರೆ ಪೂರ್ತಿ ಮಾರ್ಕ್ಸ್.