ಫ್ರೆಂಚ್ ಸ್ಕೋರಿಂಗ್ ಅಂತೆ!

ಮೂರನೇ ಭಾಷೆ ಆರಿಸುವ ಹೊತ್ತಿಗೆ ಬೆಂಗಳೂರಿನ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು: "ಫ್ರೆಂಚ್ ಕೊಡಿಸಿ, ಸ್ಕೋರಿಂಗು." ಮಾರ್ಕ್ಸ್ ಬರುತ್ತೆ, ನಿಜ. ಕ್ರಿಯಾಪದದ ರೂಪಗಳನ್ನು ಉರು ಹೊಡೆದು, ಬಿಟ್ಟ ಸ್ಥಳ ತುಂಬಿ ತೊಂಬತ್ತು ದಾಟಿದ ಮಕ್ಕಳು ಬೇಕಾದಷ್ಟಿದ್ದಾರೆ. ಫ್ರೆಂಚಿನಲ್ಲಿ ಒಂದು ಲೋಟ ನೀರು ಕೇಳು ಅಂದರೆ ಮಾತ್ರ ಅಮ್ಮನ ಮುಖ ನೋಡ್ತಾರೆ.

ಟೀಚರುಗಳ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಮಕ್ಕಳು, ಅಷ್ಟೇ ಪೀರಿಯಡ್ಡು, ಪೋರ್ಷನ್ ಬೇರೆ ಮುಗಿಸಬೇಕು. ಬೇಜಾರು ಯಾಕೆಂದರೆ, ಈ ರೋಗಕ್ಕೆ ಮದ್ದು ಹುಡುಕಿದ್ದು ಇದೇ ಊರಿನಲ್ಲಿ. 1979ರಿಂದ 1984ರವರೆಗೆ ಭಾಷಾ ಶಿಕ್ಷಣ ತಜ್ಞ ಎನ್. ಎಸ್. ಪ್ರಭು ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಸಾಧಾರಣ ಶಾಲೆಗಳಲ್ಲಿ ಇಂಗ್ಲಿಷ್ ಕಲಿಕೆಯ ಪ್ರಯೋಗವೊಂದನ್ನು ನಡೆಸಿದರು. ಭಾಷಾಬೋಧನೆಯವರು ಅದನ್ನು ಇವತ್ತಿಗೂ 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಕರೆಯೋದು. ವ್ಯಾಕರಣದ ಪಾಠ ಬದಿಗಿಟ್ಟು ಮಕ್ಕಳ ಕೈಗೆ ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಕೊಟ್ಟರು. ಇಂಥ ಹೊತ್ತಿಗೆ ಇಂಥ ಊರು ಸೇರಬೇಕು, ಯಾವ ರೈಲು ಹಿಡೀತೀಯ? ಮೊದಲು ಟೀಚರ್ ಇಡೀ ತರಗತಿಯ ಜೊತೆ ಇಂಥದ್ದೇ ಒಂದು ಲೆಕ್ಕವನ್ನು ಮಾತಾಡುತ್ತಾ ಬಿಡಿಸೋದು, ಆಮೇಲೆ ಮಕ್ಕಳು ತಮ್ಮದನ್ನು ತಾವೇ. ತಲೆಯೆಲ್ಲ ರೈಲಿನ ಮೇಲೆ. ಭಾಷೆ ಹಿತ್ತಿಲ ಬಾಗಿಲಿನಿಂದ ಒಳಗೆ ಬರ್ತಿತ್ತು. ಟಾಸ್ಕ್ ಆಧಾರಿತ ಬೋಧನೆ ಅಂತ ಮುಂದೆ ಹೊರದೇಶಗಳಲ್ಲಿ ಬೆಳೆದದ್ದರ ಬೇರುಗಳಲ್ಲಿ ಇದೂ ಒಂದು.

ತಮಾಷೆ ಎಂದರೆ, ಪ್ರಭು ಅವರಿಗೆ ಗುಂಪು ಚಟುವಟಿಕೆಯಲ್ಲಿ ಅಷ್ಟು ನಂಬಿಕೆ ಇರಲಿಲ್ಲ. ಅರೆಬರೆ ಭಾಷೆಯ ಮಕ್ಕಳು ಒಬ್ಬರ ತಪ್ಪನ್ನು ಇನ್ನೊಬ್ಬರು ಗಟ್ಟಿ ಮಾಡಿಕೊಳ್ತಾರೆ ಅನ್ನೋದು ಅವರ ವಾದ. 'ವಿದ್ಯಾರ್ಥಿ ಕೇಂದ್ರಿತ' ಅಂದ ಕೂಡಲೇ ಬೆಂಚು ತಿರುಗಿಸಿ ಚಾರ್ಟ್ ಪೇಪರ್ ಹಂಚುವ ಶಾಲೆಗಳು ಇದನ್ನೊಮ್ಮೆ ಓದಿಕೊಳ್ಳಬೇಕು.

ಇನ್ನೊಂದು ಸಂಕಟ. ಮಂಗಳೂರು ಕಡೆಯ ಮಗು ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡಿ, ಅಂಗಡಿಯಲ್ಲಿ ಕನ್ನಡ ಆಡಿ, ಆಮೇಲೆ ಕ್ಲಾಸಿಗೆ ಬರುತ್ತೆ. ಅಲ್ಲಿ ಅದಕ್ಕೆ ಫ್ರೆಂಚ್ ಕಲಿಸೋದು ಇಂಗ್ಲಿಷಿನ ಮೂಲಕ. ಇಂಗ್ಲಿಷಿನಲ್ಲಿ 'ಯೂ' ಒಂದೇ. ಫ್ರೆಂಚಿನಲ್ಲಿ ಆಪ್ತರಿಗೊಂದು, ಗೌರವಕ್ಕೊಂದು. ನೀನು-ನೀವು ಗೊತ್ತಿರುವ ಮಗುವಿಗೆ ಅದು ಪಾಠವೇ ಅಲ್ಲ! ಜರ್ಮನ್ನರೂ ನಮ್ಮ ಹಾಗೆ 'ನನಗೆ ಚಳಿ' ಅಂತಲೇ ಹೇಳೋದು. ಜಪಾನೀಸಿನಲ್ಲಿ ಕ್ರಿಯಾಪದ ನಮ್ಮಂತೆಯೇ ಕೊನೆಗೆ ಬರುತ್ತೆ. ಟೀಚರಿಗೆ ಕನ್ನಡ, ತುಳು ಬರಲೇಬೇಕು ಅಂತೇನಿಲ್ಲ. "ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳ್ತೀರಿ?" ಅಂತ ಕೇಳಿದರೆ ಉಳಿದದ್ದನ್ನು ಮಕ್ಕಳೇ ಹೇಳ್ತಾರೆ. ಆದರೆ ಆವರಣದೊಳಗೆ ಕನ್ನಡ ಆಡಿದರೆ ದಂಡ ಹಾಕಿ, ಗೇಟಿನ ಮೇಲೆ 'ವಿದೇಶಿ ಭಾಷೆಗಳ ಸೌಲಭ್ಯವಿದೆ' ಅಂತ ಬೋರ್ಡು ತೂಗುಹಾಕುವ ಶಾಲೆಗಳಲ್ಲಿ ಈ ಪ್ರಶ್ನೆ ಯಾರು ಕೇಳ್ತಾರೆ?

ಮುಂದಿನ ಪಿಟಿಎಂನಲ್ಲಿ ನಾನಂತೂ ಪೋರ್ಷನ್ ಎಲ್ಲಿಗೆ ಬಂತು ಅಂತ ಕೇಳೋದಿಲ್ಲ. ಪ್ಯಾರಿಸ್ ಮೆಟ್ರೊ ನಕ್ಷೆಯ ಪ್ರಿಂಟ್ ತೆಗೆಸಿಕೊಂಡು ಹೋಗಿ, ಒಂದು ಪೀರಿಯಡ್ ಇದನ್ನು ಬಳಸಿ ನೋಡಿ ಮೇಡಂ ಅಂತ ಕೊಡ್ತೀನಿ. ಬೈದರೆ ಬೈಸಿಕೊಂಡರಾಯ್ತು.