ಸತ್ಯಾಂಶ: ಆಸ್ಪತ್ರೆ ಹ್ಯಾಕ್ ಆದರೆ ರೋಗಿಗೇನೂ ಆಗಲ್ವಾ?

ಡೊಂಬಿವಲಿಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಮೊನ್ನೆ ಒಂದು ಫಾರ್ವರ್ಡ್ ಬಂತು: ‘ಆಸ್ಪತ್ರೆ ಕಂಪ್ಯೂಟರ್ ಹ್ಯಾಕ್ ಆದರೆ ಹೋಗೋದು ಫೋನ್ ನಂಬರ್, ಬಿಲ್ಲು ಅಷ್ಟೇ. ರೋಗಿಗೆ ಏನೂ ಆಗಲ್ಲ.’

ಆಗುತ್ತದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಸರ್ವರ್‌ಗಳು ಇಂಥ ದಾಳಿಗೆ ಸಿಕ್ಕಿ ನಿಂತುಹೋದವು. ನೋಂದಣಿ, ಲ್ಯಾಬ್ ರಿಪೋರ್ಟು ಎಲ್ಲ ದಿನಗಟ್ಟಲೆ ಕೈಬರಹಕ್ಕೆ ಇಳಿದವು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ (ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ವೈರಸ್) ದಾಳಿಯಾದಾಗ ಇಂಗ್ಲೆಂಡಿನ ಕೆಲವು ಆಸ್ಪತ್ರೆಗಳು ಆಂಬುಲೆನ್ಸ್‌ಗಳನ್ನು ಬೇರೆ ಕಡೆ ಕಳಿಸಬೇಕಾಯಿತು.

ರಾತ್ರಿ ಎರಡು ಗಂಟೆ ಅಂದುಕೊಳ್ಳಿ. ಡಯಾಲಿಸಿಸ್ ರೋಗಿಗೆ ಎದೆ ಹಿಡಿದಂತಾಗಿದೆ. ರಕ್ತದ ಪೊಟ್ಯಾಸಿಯಂ ರಿಪೋರ್ಟು (ಅದು ಏರಿದರೆ ಹೃದಯಕ್ಕೇ ಅಪಾಯ) ರೆಡಿ ಇದೆ, ಆದರೆ ವಾರ್ಡಿನ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ. ಯಾರೋ ಚೀಟಿ ಹಿಡಿದು ಲ್ಯಾಬಿಗೆ ಓಡಬೇಕು. ಪೆನಿಸಿಲಿನ್ ಆಗಲ್ಲ ಅಂತ ಹಳೆಯ ಫೈಲಿನಲ್ಲಿದ್ದರೆ, ಅದೂ ಕಾಣುವುದಿಲ್ಲ.

ಹಾಗಂತ ‘ವೆಂಟಿಲೇಟರ್ ಎಲ್ಲ ಒಟ್ಟಿಗೇ ನಿಲ್ಲುತ್ತವೆ’ ಅಂತ ಸುಮ್ನೆ ಹೆದರಬೇಡಿ (ಅದು ಇನ್ನೊಂದು ಫಾರ್ವರ್ಡು!). ಜಾಸ್ತಿ ಸಲ ಕೈಕೊಡುವುದು ಮಾಹಿತಿ, ಯಂತ್ರ ಅಲ್ಲ. ಆಸ್ಪತ್ರೆಯವರು ನೆಟ್‌ವರ್ಕಿಗೆ ತಾಗದ ಬ್ಯಾಕಪ್ ಇಡಬೇಕು. ನೀವು ಔಷಧಿ ಪಟ್ಟಿ, ಅಲರ್ಜಿ, ಕೊನೆಯ ಡಿಸ್ಚಾರ್ಜ್ ಕಾಗದದ ಜೆರಾಕ್ಸ್ ಇಡಿ. ನಮ್ಮತ್ತೆಯದು ಪ್ಲಾಸ್ಟಿಕ್ ಕವರಿನಲ್ಲಿ, ದೇವರ ಗೂಡಿನ ಕೆಳಗಿನ ಡ್ರಾಯರಿನಲ್ಲಿದೆ.