ಎಲ್ಲಕ್ಕೂ ಒಂದೇ ಪ್ರಶ್ನೆ: ‘ಸಾರಾಂಶ ಬರೆಯಿರಿ’

ಪದವಿ ಮೊದಲ ವರ್ಷದ ಕನ್ನಡ ಭಾಷಾ ಪತ್ರಿಕೆಯ ಉತ್ತರಗಳನ್ನು ತಿದ್ದುತ್ತ ಕುಳಿತಿದ್ದೆ. ಒಂದು ಉತ್ತರ ಷಟ್ಪದಿಯದು, ಒಂದು ನಾಟಕದ್ದು, ಇನ್ನೊಂದು ಸಣ್ಣಕತೆಯದು. ಪಾಠದ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿದರೆ ಯಾವುದು ಪದ್ಯ, ಯಾವುದು ನಾಟಕ ಎಂದು ಗುರುತಿಸಲು ಆಗುತ್ತಿರಲಿಲ್ಲ. ಎಲ್ಲವೂ ‘ಪ್ರಸ್ತುತ ಪಾಠದಲ್ಲಿ ಕವಿಯು’ ಎಂದು ಆರಂಭವಾಗಿ, ಕತೆ ಹೇಳಿ ಮುಗಿಯುತ್ತಿದ್ದವು. ನಾಟಕಕಾರನೂ ಕವಿ, ಪ್ರಬಂಧಕಾರನೂ ಕವಿ. ಮಕ್ಕಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ‘ಸಾರಾಂಶ ಬರೆಯಿರಿ’, ‘ಸಂದರ್ಭ ಸಹಿತ ವಿವರಿಸಿ’ ಎಂದು ಎಲ್ಲಕ್ಕೂ ಒಂದೇ ಪ್ರಶ್ನೆ ಕೇಳುತ್ತ ಬಂದವರು ಮೇಷ್ಟ್ರುಗಳಾದ ನಾವೇ.

ವಾಣಿಜ್ಯ, ವಿಜ್ಞಾನ ಓದುವ ಹೆಚ್ಚಿನ ಮಕ್ಕಳು ತರಗತಿಯಲ್ಲಿ ಕುಳಿತು ಸಾಹಿತ್ಯ ಓದುವುದು ಇದೇ ಕೊನೆಯ ಸಲ. ಒಂದೇ ಪಠ್ಯದಲ್ಲಿ ಹಳಗನ್ನಡ ಕಾವ್ಯ, ವಚನ, ಕತೆ, ಪ್ರಬಂಧ ಇರುತ್ತವೆ. ಇಷ್ಟು ಬಗೆಯ ಬರವಣಿಗೆಯನ್ನು ಒಟ್ಟಿಗೆ ಇಟ್ಟುಕೊಟ್ಟಿರುವಾಗ, ಒಂದೊಂದನ್ನೂ ಬೇರೆ ಬೇರೆ ರೀತಿಯಲ್ಲಿ ಓದಬೇಕು ಎಂಬುದನ್ನೇ ಕಲಿಸದಿದ್ದರೆ ಆ ಪುಸ್ತಕ ಏಕೆ ಬೇಕು? ಸಾರಾಂಶ ಬೇಕಾದವರಿಗೆ ಅದು ಮೊಬೈಲಿನಲ್ಲೇ ಸಿಗುತ್ತದೆ.

ಕುಮಾರವ್ಯಾಸನ ‘ವೇದಪುರುಷನ ಸುತನ ಸುತನ ಸಹೋದರನ’ ಎಂಬ ಪದ್ಯವನ್ನು ನಾನು ಅರ್ಥದಿಂದ ಆರಂಭಿಸುವುದಿಲ್ಲ. ಮೊದಲು ಬೆಂಚು ತಟ್ಟಿಸುತ್ತೇನೆ. ಮೂರು, ನಾಲ್ಕು, ಮೂರು, ನಾಲ್ಕು. ಭಾಮಿನಿ ಷಟ್ಪದಿಯ ಸಾಲಿಗೆ 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲು ಮಾತ್ರ ಉದ್ದ. ‘ಸುತನ ಸ’ ಎನ್ನುವಲ್ಲಿ ಸಾಲು ಮುಗಿದುಹೋಗುತ್ತದೆ. ‘ಹೋದರನ’ ಮುಂದಿನ ಸಾಲಿಗೆ ಬೀಳುತ್ತದೆ. ಒಂದು ಪದವನ್ನೇ ಕತ್ತರಿಸುವಷ್ಟು ಲಯಕ್ಕೆ ಅಧಿಕಾರವಿದೆ ಎಂದು ಕೈಗೆ ತಿಳಿಯುತ್ತದೆ. ಕಳೆದ ವರ್ಷ ಹಿಂದಿನ ಬೆಂಚಿನಲ್ಲಿ ಸದಾ ಮೌನವಾಗಿರುತ್ತಿದ್ದ ಹುಡುಗನೊಬ್ಬ ನನಗಿಂತ ಚೆನ್ನಾಗಿ ತಟ್ಟಿದ. ಊರಿನಲ್ಲಿ ಡೊಳ್ಳು ಬಾರಿಸುತ್ತಾನಂತೆ. ಈ ಸಂಬಂಧಗಳ ಸರಪಳಿ ಕೊನೆಗೆ ಗದುಗಿನ ವೀರನಾರಾಯಣನಿಗೆ ಬಂದು ನಿಲ್ಲುವುದನ್ನು ಅವರೇ ಬಿಡಿಸುತ್ತಾರೆ, ಆದರೆ ಅದು ಎರಡನೆಯ ದಿನದ ಕೆಲಸ.

ಅದರ ಮರುವಾರ ‘ಉಳ್ಳವರು ಶಿವಾಲಯ ಮಾಡುವರು’ ವಚನವನ್ನು ಹಲಗೆಯ ಮೇಲೆ ಸಾಲು ಒಡೆಯದೆ ಉದ್ದಕ್ಕೆ ಬರೆಯುತ್ತೇನೆ. ತಾಳೆಗರಿಯಲ್ಲಿ ಬರೆಯುತ್ತಿದ್ದುದೇ ಹಾಗೆ. ನಾವು ಇಂದು ಕಾಣುವ ಸಾಲುಗಳು ಅಚ್ಚಿನ ಕಾಲದವು. ‘ಎಲ್ಲಿ ಒಡೆಯುತ್ತೀರಿ?’ ಎಂದು ಕೇಳಿದರೆ ತರಗತಿಯೇ ಇಬ್ಭಾಗವಾಗುತ್ತದೆ. ‘ನಾನೇನ ಮಾಡಲಿ’ ಎಂಬಲ್ಲಿ ನಿಲ್ಲಿಸಬೇಕು ಎಂದು ಒಬ್ಬಳು, ‘ಬಡವನಯ್ಯಾ’ ಎನ್ನುವವರೆಗೂ ಉಸಿರು ಬಿಡಬಾರದು ಎಂದು ಇನ್ನೊಬ್ಬಳು. ಆ ಜಗಳದಲ್ಲಿ ಅವರು ಬಸವಣ್ಣನ ದನಿಯನ್ನು ಹುಡುಕುತ್ತಿರುತ್ತಾರೆ. ಅಲ್ಲಿ ಬೆಂಚು ತಟ್ಟಿದರೆ ಉಪಯೋಗವಿಲ್ಲ ಎಂಬುದು ಆಗಲೇ ಅವರಿಗೆ ಗೊತ್ತಾಗಿರುತ್ತದೆ.

ಸಾಹಿತ್ಯ ಪ್ರಕಾರದ ಚರ್ಚೆ ಪಂಡಿತರ ಒಣ ಶಾಸ್ತ್ರ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ, 9ನೇ ಶತಮಾನದ ಕವಿರಾಜಮಾರ್ಗವೇ ಚತ್ತಾಣ, ಬೆದಂಡೆ ಎಂದು ಕಾವ್ಯದ ಬಗೆಗಳನ್ನು ಹೆಸರಿಟ್ಟು ಹೇಳುತ್ತದೆ. ಮುದ್ದಣನ ‘ರಾಮಾಶ್ವಮೇಧ’ದಲ್ಲಿ ಅವನ ಹೆಂಡತಿ ಮನೋರಮೆಯಂತೂ ಕತೆ ಕೇಳುವ ಮೊದಲೇ ‘ಪದ್ಯಂ ವಧ್ಯಂ, ಗದ್ಯಂ ಹೃದ್ಯಂ’ (ಪದ್ಯ ಬೇಡ, ಗದ್ಯವೇ ಹಿತ) ಎಂದು ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾಳೆ. ಮನೆಯಲ್ಲಿ ಕುಳಿತ ಹೆಂಗಸಿಗೆ ಇದ್ದ ಈ ಹಕ್ಕನ್ನು ಕಾಲೇಜಿನ ಮಕ್ಕಳಿಗೆ ನಾವು ಕೊಡುತ್ತಿಲ್ಲ.

ನಾಟಕವನ್ನು ಕುಳಿತು ಓದಿಸುವುದು ನನ್ನ ದೃಷ್ಟಿಯಲ್ಲಿ ತಪ್ಪು. ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದ ಆರಂಭದಲ್ಲಿ ಸುಲ್ತಾನನ ಮೇಲೆಯೇ ವ್ಯಾಜ್ಯ ಗೆಲ್ಲುವ ಬ್ರಾಹ್ಮಣನೊಬ್ಬನಿದ್ದಾನೆ. ಅವನು ನಿಜಕ್ಕೂ ಅಗಸ ಅಜೀಜ್ ಎಂಬುದು ಹಳೆಯ ಗೆಳೆಯ ಗುರುತು ಹಿಡಿದಾಗಲೇ ನಮಗೆ ತಿಳಿಯುವುದು. ಕಾದಂಬರಿಯಾಗಿದ್ದರೆ ನಿರೂಪಕ ಮೊದಲೇ ಕಿವಿಯಲ್ಲಿ ಹೇಳಿಬಿಡಬಹುದಿತ್ತು. ರಂಗದ ಮೇಲೆ ನಿರೂಪಕನಿಲ್ಲದಿದ್ದರೆ ನೋಡುವವರೂ ಮೋಸಹೋಗುತ್ತಾರೆ. ಸಾರಾಂಶ ಬರೆಯುವ ವಿದ್ಯಾರ್ಥಿ ಮೊದಲ ವಾಕ್ಯದಲ್ಲೇ ‘ಬ್ರಾಹ್ಮಣನ ವೇಷದ ಅಜೀಜ್’ ಎಂದು ಬರೆಯುತ್ತಾನೆ. ನಾಟಕ ಅಲ್ಲಿಗೇ ಮುಗಿಯಿತು.

ಪಾಠಗಳ ಸಂಖ್ಯೆ ಕಡಿಮೆಯಾದರೂ ಚಿಂತೆಯಿಲ್ಲ, ಒಂದೊಂದು ಬಗೆಯ ಒಂದೊಂದೇ ಬರಹವನ್ನು ಸಾವಧಾನವಾಗಿ ಓದಿಸಲು ಬಿಡಿ ಎಂಬುದು ಪಠ್ಯ ಮಾಡುವವರಲ್ಲಿ ನನ್ನ ಬೇಡಿಕೆ. ಪರೀಕ್ಷೆಯಲ್ಲಿ ಒಂದಾದರೂ ಪ್ರಶ್ನೆ ಬರೆದು ತೋರಿಸುವಂಥದ್ದಾಗಿರಲಿ. ನನ್ನ ತರಗತಿಯಲ್ಲಿ ಒಂದು ಘಟನೆ ಕೊಟ್ಟಿದ್ದೆ: ಬಸ್ ಪಾಸ್ ಮರೆತು ಬಂದ ದಿನ. ಮೊದಲು ಕತೆಯಾಗಿ ಬರೆಯಿರಿ, ಆಮೇಲೆ ನಾಟಕದ ದೃಶ್ಯವಾಗಿ. ಬಿ.ಕಾಂ. ಹುಡುಗಿಯೊಬ್ಬಳು ಕತೆಯಲ್ಲಿ ‘ಕಂಡಕ್ಟರ್‌ಗೆ ಕೋಪ ಬಂತು, ಆದರೂ ಕರುಣೆ ತೋರಿಸಿದರು’ ಎಂದು ಬರೆದಿದ್ದಳು. ದೃಶ್ಯ ಬರೆಯುವಾಗ ನನ್ನ ಮೇಜಿನ ಬಳಿ ಬಂದು, ‘ಮೇಡಂ, ಈ ವಾಕ್ಯವನ್ನು ಎಲ್ಲಿ ಇಡಲಿ? ಇದನ್ನು ಯಾರು ಹೇಳುತ್ತಾರೆ?’ ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಅರ್ಧ ಗಂಟೆಯ ನಂತರ ತಂದುಕೊಟ್ಟ ಹಾಳೆಯಲ್ಲಿ ಆ ವಾಕ್ಯ ಇರಲಿಲ್ಲ. ಅದರ ಜಾಗದಲ್ಲಿ ಹೀಗಿತ್ತು: ‘ಕಂಡಕ್ಟರ್ ಸೀಟಿ ಬಾಯಿಗಿಡುತ್ತಾರೆ. ಹೊರಗೆ ಮಳೆ ನೋಡುತ್ತಾರೆ. ಊದದೆ ಮುಂದಿನ ಸೀಟಿನ ಕಡೆಗೆ ಹೋಗುತ್ತಾರೆ.’